ಡಬ್ಬಿ ಅತ್ತಿಗೆಯ ವಿಮಾನದಲ್ಲಿ ಎಡ ಯಾವುದು, ಬಲ ಯಾವುದು?

ಮಂಗಳವಾರ, ಬೆಳಗಿನ ಜಾವ ಐದೂಕಾಲು. ಡಬ್ಬಿ ಅತ್ತಿಗೆ ಊಟದ ಮೇಜಿನ ಮೇಲೆ ಬಗ್ಗಿ, ಚಿಮಟದ ತುದಿಯಲ್ಲಿ ಹಿಡಿದ ಒಂದು ಕಾಗದದ ಚುಕ್ಕಿಗೆ ಗೋಂದು ಹಚ್ಚುತ್ತಿದ್ದಾರೆ. ಚುಕ್ಕಿ ಎಂದರೆ ನಿಜಕ್ಕೂ ಚುಕ್ಕಿಯೇ. ಆಫೀಸಿನಲ್ಲಿ ಫೈಲಿಗೆ ತೂತು ಹಾಕುವ ಪಂಚಿಂಗ್ ಮೆಶಿನ್ನಿನ ಹೊಟ್ಟೆಯಿಂದ ಉದುರುತ್ತದಲ್ಲ, ಅದು. ಅಂಥ ಮೂರನ್ನು ಒಂದರ ಮೇಲೊಂದು ಅಂಟಿಸಿದರೆ ವಿಮಾನದ ಕಿಚನ್ ಕಪಾಟಿಗೆ ಒಂದು ಚಿಲಕ. ಒಟ್ಟು ಹನ್ನೆರಡು ಚಿಲಕ. ಇದು ಹನ್ನೆರಡನೆಯದು.

"ಪೇಪರಿನವರೇ, ಸ್ವಲ್ಪ ಆ ಕಡೆ ತಿರುಗಿ ಉಸಿರು ಬಿಡಿ. ಚುಕ್ಕಿ ಹಾರಿಹೋಗುತ್ತೆ."

ನಾನು ಗೋಡೆಯ ಕಡೆ ತಿರುಗಿ ಉಸಿರಾಡುತ್ತೇನೆ. ಇಪ್ಪತ್ತು ನಿಮಿಷದಿಂದ ನನಗೆ ಇದೇ ಕೆಲಸ. ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ಹೋಗುವ ಈ ಪುಟಕ್ಕೆ ಜನ ಬೆಳಗಿನ ಜಾವದಲ್ಲೇ ದುಡಿಯುತ್ತಿರಬೇಕು ಎಂಬ ನಿಯಮವನ್ನು ಯಾವ ಪುಣ್ಯಾತ್ಮ ಮಾಡಿದನೋ ಕಾಣೆ. ಹಗಲು ಹನ್ನೊಂದಕ್ಕೆ ದುಡಿಯುವವರೂ ಎಲೆಯ ಮರೆಯಲ್ಲೇ ಇರುತ್ತಾರೆ ಸ್ವಾಮೀ ಎಂದು ಸಂಪಾದಕರಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿದೆ. ಕೇಳುವವರು ಯಾರು?

ಮೇಜಿನ ಮೇಲಿರುವುದು ಪ್ರಯಾಣಿಕರ ವಿಮಾನ. ಪೂರ್ತಿ ಕಾಗದ ಮತ್ತು ರಟ್ಟಿನದು. ನಿಜವಾದ ವಿಮಾನದ ಇಪ್ಪತ್ತೈದಡಿ ಇಲ್ಲಿ ಒಂದಡಿ. ಹಾಗಾಗಿ ಮೂಗಿನಿಂದ ಬಾಲಕ್ಕೆ ಸುಮಾರು ಐದಡಿ, ರೆಕ್ಕೆಯ ತುದಿಯಿಂದ ತುದಿಗೆ ನಾಲ್ಕೂವರೆ ಅಡಿ. ಒಳಗೆ ಮೂವತ್ತು ಸಾಲು, ನೂರ ಎಂಬತ್ತು ಸೀಟು, ಒಂದೊಂದು ಸೀಟಿಗೆ ನಾಲ್ಕು ತುಂಡು. ಮೇಲಿನ ಚಾವಣಿ ಡಬ್ಬಿಯ ಮುಚ್ಚಳದಂತೆ ಎತ್ತಿದರೆ ಬರುತ್ತದೆ. ಬಾಗಿಲುಗಳು ತೆರೆಯುತ್ತವೆ, ಮುಚ್ಚುತ್ತವೆ. ರೆಕ್ಕೆಗಳು ಕಳಚುತ್ತವೆ.

"ಈ ಮನೆ ಬಾಗಿಲಿಂದ ಇದು ಆಚೆ ಹೋಗಲ್ಲ ಅಂತ ನಮ್ಮ ಯಜಮಾನರು ತಿಂಗಳುಗಟ್ಟಲೆ ಹೇಳ್ಕೊಂಡು ತಿರುಗಿದ್ರು" ಎನ್ನುತ್ತಾರೆ ಅತ್ತಿಗೆ. "ಡಬ್ಬಿ ಮಾಡೋಳಿಗೆ ಬಾಗಿಲು ಅಳೆಯೋಕೆ ಬರಲ್ವಾ?"

ಯಜಮಾನರು ಅಡುಗೆಮನೆಯ ಹೊಸ್ತಿಲಲ್ಲಿ ನೆಲದ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ. ಬಸ್ ಡಿಪೋದಲ್ಲಿ ಟಿಕೆಟ್ ತಪಾಸಣೆ ಅವರ ಕೆಲಸ. ಹದಿನಾಲ್ಕು ತಿಂಗಳಿಂದ ಈ ಮನೆಯಲ್ಲಿ ಎಲ್ಲರ ಊಟ ನೆಲದ ಮೇಲೆಯೇ. "ಬರ್ಕೊಳ್ಳಿ ಸಾರ್" ಎಂದು ನನ್ನ ಕಡೆ ಲೋಟ ಎತ್ತುತ್ತಾರೆ. "ಜನ ವಿಮಾನದಲ್ಲಿ ಕೂತು ಊಟ ಮಾಡ್ತಾರೆ. ವಿಮಾನದ ದೆಸೆಯಿಂದ ಮೇಜು ಕಳ್ಕೊಂಡು ಊಟ ಮಾಡ್ತಿರೋನು ನಾನೊಬ್ಬನೇ."

ಡಬ್ಬಿ ಅತ್ತಿಗೆ ಎಂಬ ಹೆಸರು ಬಂದದ್ದು ಹೀಗೆ. ಯಜಮಾನರ ತಂಗಿ, ಅಂದರೆ ಇವರ ನಾದಿನಿ, ಇದೇ ಮನೆಯಲ್ಲಿರುವವಳು. ಅವಳು ಮಹಡಿಯಿಂದ ಬೀದಿಗೆಲ್ಲ ಕೇಳುವಂತೆ "ಅತ್ತಿಗೇ" ಎಂದು ಕೂಗಿ ಕೂಗಿ, ತರಕಾರಿಯವನಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಎಲ್ಲರಿಗೂ ಇವರು ಅತ್ತಿಗೆಯೇ ಆದರು. ಡಬ್ಬಿ ಎಂಬುದು ಹೊಟ್ಟೆಪಾಡು. ಎರಡು ಬೀದಿ ಆಚೆಗಿರುವ ರಟ್ಟಿನ ಡಬ್ಬಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಶರಟಿನ ಡಬ್ಬಿ, ಬೂಟಿನ ಡಬ್ಬಿ, ಗಡಿಯಾರದ ಡಬ್ಬಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮುನ್ನೂರೈವತ್ತು. ಕೈ ಚುರುಕಾಗಿದ್ದ ದಿನ ನಾನೂರು. ರಟ್ಟಿನ ಮಡಿಕೆ ತೀಡಿ ತೀಡಿ ಅವರ ಹೆಬ್ಬೆರಳು, ತೋರುಬೆರಳಿನ ಗೆರೆಗಳೇ ಸವೆದಿವೆ. ಹಾಜರಿಗೆಂದು ಮಾಲೀಕರು ಬೆರಳಚ್ಚಿನ ಯಂತ್ರ ತಂದು ಗೋಡೆಗೆ ನೇತುಹಾಕಿದ್ದಾರೆ. ಅದು ಇವರನ್ನು ಜಪ್ಪಯ್ಯ ಅಂದರೂ ಗುರುತಿಸುವುದಿಲ್ಲ.

"ದಿನಾ ಹೋಗಿ ಬೆರಳು ಇಡ್ತೀನಿ. 'ಇಂಥವರು ಯಾರೂ ಇಲ್ಲ' ಅಂತ ಹೇಳುತ್ತೆ. ಎದುರಿಗೆ ನಿಂತಿದೀನಲ್ಲ ದರಿದ್ರದ್ದೇ, ಅಂತ ನಾನೂ ಬೈದು, ಒಳಗೆ ಹೋಗಿ ಕೆಲಸ ಶುರುಮಾಡ್ತೀನಿ."

ಎಲೆಮರೆಯ ಕಾಯಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ನಾನು ಖುಷಿಯಿಂದ ಬರೆದುಕೊಳ್ಳುತ್ತೇನೆ. ಅದೇನು ಬರೆದಿರಿ ಎಂದು ಅವರು ಕೇಳುತ್ತಾರೆ. ಹೇಳುತ್ತೇನೆ. "ಕಾಯಿ ಗೀಯಿ ಎಲ್ಲ ಬೇಡ. ನೀವೂ ಪೇಪರಿನವರು, ನಾನೂ ಪೇಪರಿನವಳು. ಅಷ್ಟು ಬರೀರಿ ಸಾಕು."

ಇವರಿಂದ ಮಾತು ಹೊರಡಿಸುವುದು ಎಂದರೆ ಹಲ್ಲು ಕೀಳಿಸಿದ ಹಾಗೆ. ಕಷ್ಟ ಏನು ಎಂದರೆ "ಮೂಗು" ಎನ್ನುತ್ತಾರೆ. ಜೀವನದ ಕಷ್ಟ ಅಮ್ಮಾ ಎಂದು ಬಿಡಿಸಿ ಕೇಳಿದರೆ, "ಅದೇ ಹೇಳಿದ್ನಲ್ಲ, ವಿಮಾನದ ಮೂಗು" ಎಂದು ನನ್ನನ್ನೇ ದಡ್ಡನನ್ನು ನೋಡುವಂತೆ ನೋಡುತ್ತಾರೆ. ಚಪ್ಪಟೆ ಕಾಗದವನ್ನು ಗುಂಡಗೆ ಬಗ್ಗಿಸಲು ಬರುವುದಿಲ್ಲವಂತೆ. ಇಪ್ಪತ್ತನಾಲ್ಕು ಎಸಳು ಕತ್ತರಿಸಿ, ಒಂದರ ಪಕ್ಕ ಒಂದು ಕೂಡಿಸಿ, ಹೂವಿನ ಮೊಗ್ಗಿನಂತೆ ಮುಚ್ಚಬೇಕಂತೆ. ಒಂದು ಎಸಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ವಿಮಾನ ಮೂತಿ ಸೊಟ್ಟ ಮಾಡಿಕೊಳ್ಳುತ್ತದಂತೆ. ಈ ಮೂಗು ನಾಲ್ಕನೆಯದು. ಕೆಟ್ಟ ಮೂರರಲ್ಲಿ ಯಜಮಾನರು ಮೊಳೆ, ತಿರುಪು, ಹಳೆಯ ಬ್ಯಾಟರಿ ತುಂಬಿ ಕಿಟಕಿಯ ಮೇಲೆ ಸಾಲಾಗಿ ಇಟ್ಟಿದ್ದಾರೆ.

ಇಷ್ಟಕ್ಕೂ ಶೋಕಿಗೆ ಮಾಡಿದ ವಿಮಾನ ಅಲ್ಲ ಇದು. ಇದರ ಹಿಂದೆ ಒಂದು ಹೊಗೆಯಿದೆ.

ನಾದಿನಿ ವಿಮಾನ ನಿಲ್ದಾಣದಲ್ಲಿ ಸ್ವಚ್ಛತಾ ಕೆಲಸದವಳು. ಬಂದು ನಿಂತ ವಿಮಾನಗಳ ಒಳಗೆ ಹೋಗಿ ಗುಡಿಸುವುದು, ಒರೆಸುವುದು, ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡ ತಿಂಡಿ ಕೆರೆಯುವುದು. ಪಾಳಿಗೆ ಆರು ವಿಮಾನ. ಎರಡು ವರ್ಷದ ಹಿಂದೆ ಒಂದು ಪಾಳಿಯಲ್ಲಿ ಅವಳು ಹಿಂದಿನ ಸಾಲಿನಲ್ಲಿದ್ದಾಗ ಎಲ್ಲೋ ತಂತಿ ಸುಟ್ಟು ವಿಮಾನದ ತುಂಬ ಹೊಗೆ ತುಂಬಿತು, ದೀಪ ಹೋಯಿತು. ಅವಳು ಸೀಟಿನ ಬೆನ್ನು ಹಿಡಿದು ಹಿಡಿದು ಮುಂದಕ್ಕೆ ಬಂದಳು. ಕೈಗೆ ಕಿಚನ್ನಿನ ಚಿಲಕ ಸಿಕ್ಕಿತು. ಬೆನ್ನು ತಿರುಗಿಸಿದಳು, ಎದುರಿಗೆ ಬಾಗಿಲು, ಬಾಗಿಲಾಚೆ ಮೆಟ್ಟಿಲು. ಇಳಿದು ಹೋದಳು. ಅವಳನ್ನು ಹುಡುಕಲೆಂದು ಒಳಗೆ ಹೋಗಿದ್ದ ಅಗ್ನಿಶಾಮಕದ ಒಬ್ಬ ಯುವಕನಿಗೆ ಮಾತ್ರ ಎಡಬಲ ತಪ್ಪಿತು. ಅವನು ಕಿಚನ್ ಪಕ್ಕದ ಬಾಗಿಲನ್ನೇ ತೆರೆದು ಕಾಲು ಹೊರಗಿಟ್ಟ. ಆ ಕಡೆಯ ಬಾಗಿಲಿಗೆ ಯಾರೂ ಮೆಟ್ಟಿಲು ಹಚ್ಚುವುದಿಲ್ಲ. ಕೆಳಗೆ ಎರಡಾಳೆತ್ತರ ಬರಿಗಾಳಿ.

ಸೊಂಟ ಮುರಿದ ಆ ಯುವಕ ಈಗ ಅಗ್ನಿಶಾಮಕ ಠಾಣೆಯಲ್ಲಿ ತರಬೇತುದಾರ. ಹೊಸಬರಿಗೆ ವಿಮಾನದ ಒಳಗನ್ನು ಕೈಯಲ್ಲಿ ಮುಟ್ಟಿಸಿ ಕಲಿಸಬೇಕು ಎಂಬುದು ಅವರ ಹಠ. ಕಣ್ಣು ಕಟ್ಟಿ, ಎರಡು ಬೆರಳನ್ನೇ ಎರಡು ಕಾಲು ಮಾಡಿಕೊಂಡು, ಸೀಟಿನ ಸಾಲಿನ ನಡುವೆ ನಡೆದು ಬಾಗಿಲು ಹುಡುಕಬೇಕು. ಅದಕ್ಕೊಂದು ದೊಡ್ಡ ಮಾದರಿ ಬೇಕು. ಎಲ್ಲಿಂದ ತರುವುದು ಎಂದು ಅವರು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ನಾದಿನಿ ಬಾಯಿ ಹಾಕಿದ್ದಾಳೆ: "ಅದಕ್ಯಾಕೆ ಅಷ್ಟು ಯೋಚನೆ? ನಮ್ಮತ್ತಿಗೆ ಮಾಡ್ತಾರೆ ಬಿಡಿ."

"ನನ್ನ ಒಂದು ಮಾತು ಕೇಳಿದ್ಲಾ?" ಎಂದು ಅತ್ತಿಗೆ ಈಗಲೂ ಸಿಡಿಮಿಡಿಗೊಳ್ಳುತ್ತಾರೆ. "ಬೂಟಿನ ಡಬ್ಬಿ ಮಾಡೋಳು ವಿಮಾನ ಮಾಡ್ತಾಳೆ ಅಂತ ಊರೆಲ್ಲ ಸಾರಿ ಬಂದ್ಲು. ಹೋಗಲಿ, ಒಪ್ಕೊಂಡೆ. ಯಾಕೆ ಹೇಳಿ? ನಾಳೆ ಮತ್ತೆ ಹೊಗೆ ಬಂತು ಅನ್ನಿ, ಒಳಗೆ ಇರೋದು ಇವಳೇ ತಾನೇ? ಇವಳನ್ನ ಕರ್ಕೊಂಡು ಬರೋಕೆ ಹೋಗೋನಿಗೆ ಬಾಗಿಲು ಯಾವ ಕಡೆ ಅಂತ ಗೊತ್ತಿರ್ಬೇಕೋ ಬೇಡ್ವೋ?"

ಶನಿವಾರ ಹೊಸ ತಂಡಕ್ಕೆ ಮೊದಲ ಪಾಠ. ಹನ್ನೆರಡನೆಯ ಚಿಲಕ ಕೂತಿತು, ವಿಮಾನ ಮುಗಿಯಿತು. ನನ್ನ ಬರಹವೂ ಮುಗಿದ ಹಾಗೆಯೇ. ಒಂದು ಫೋಟೊ ತೆಗೆದುಕೊಂಡು ಮನೆಗೆ ಹೋಗಿ ಮಲಗುವುದೊಂದೇ ಬಾಕಿ.

ಆ ಹಾಳು ಫೋಟೊ ನಾನು ಕೇಳಬಾರದಿತ್ತು.

ಆರು ಗಂಟೆಗೆ ನಾದಿನಿ ಪಾಳಿ ಮುಗಿಸಿ ಬರುತ್ತಾಳೆ. ಮೈಯೆಲ್ಲ ಫಿನಾಯಿಲ್ ವಾಸನೆ. ಮೇಜಿನ ಕಡೆ ತಿರುಗಿಯೂ ನೋಡದೆ, ಗೋಡೆಗೆ ಮುಖ ಮಾಡಿಕೊಂಡು ಏಡಿಯಂತೆ ಅಡ್ಡಡ್ಡ ನಡೆದು ತನ್ನ ಕೋಣೆಗೆ ಹೊರಡುತ್ತಾಳೆ. ಹದಿನಾಲ್ಕು ತಿಂಗಳಿಂದ ಅವಳ ದಾರಿ ಇದೇ ಅಂತೆ. "ರಾತ್ರಿಯೆಲ್ಲ ಆರು ವಿಮಾನ ತಿಕ್ಕಿ ಬಂದಿರ್ತೀನಿ. ಮನೇಲೂ ಒಂದು ವಿಮಾನನಾ? ನನ್ನ ಕಣ್ಣಿಗೆ ತೋರಿಸ್ಬೇಡಿ ಅಂತ ಅತ್ತಿಗೆಗೆ ಮೊದಲ ದಿನವೇ ಹೇಳಿದೀನಿ."

ನಾನು ಬಿಡಬೇಕಲ್ಲ? ಇಬ್ಬರೂ ಜೊತೆಯಲ್ಲಿ ನಿಲ್ಲಿ, ಚಾವಣಿ ತೆಗೆಯಿರಿ, ನೀವು ಒಂದು ಕೈಯನ್ನು ಬಾಗಿಲಿನ ಹತ್ತಿರ ಒಳಗಿಡಿ, ಚಿತ್ರ ಚೆನ್ನಾಗಿ ಬರುತ್ತದೆ ಎಂದು ಪೀಡಿಸುತ್ತೇನೆ. ಅವಳು ಮುಖ ಗಂಟುಹಾಕಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡೇ ಕೈ ಒಳಗಿಡುತ್ತಾಳೆ. ಮೆಟ್ಟಿಲ ಬಾಗಿಲಿನಿಂದ ಎರಡು ಬೆರಳು ಒಳಗೆ ಹೋಗುತ್ತವೆ. ನಿಲ್ಲುತ್ತವೆ. ಹಿಂದಕ್ಕೆ ಬರುತ್ತವೆ. ಮತ್ತೆ ಒಳಗೆ ಹೋಗುತ್ತವೆ.

"ಅತ್ತಿಗೆ, ಇದೇನಿದು?"

"ಏನು?"

"ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಟಾಯ್ಲೆಟ್ ಇಟ್ಟಿದೀರಲ್ಲ? ಯಾವ ಮನೇಲಾದ್ರೂ ಬಾಗಿಲು ತೆಗೆದ್ರೆ ಎದುರಿಗೆ ಟಾಯ್ಲೆಟ್ ಕಟ್ತಾರಾ? ಎದುರಿಗೆ ಕಿಚನ್ ಬರ್ಬೇಕು. ಟಾಯ್ಲೆಟ್ ಈ ಕಡೆ, ಎಡಗೈಗೆ."

"ನಿನಗೆ ನಿದ್ದೆಗಣ್ಣು. ಹೋಗಿ ಮಲ್ಕೋ."

"ನಿದ್ದೆಗಣ್ಣಲ್ಲೇ ದಿನಾ ಆರು ಟಾಯ್ಲೆಟ್ ತೊಳೀತೀನಿ ಅತ್ತಿಗೆ. ಅದು ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ?"

ಫೋಟೊದಲ್ಲಿ ಬಂದಿರುವುದು ಈ ಗಳಿಗೆ. ಇಬ್ಬರ ಬಾಯೂ ತೆರೆದಿದೆ. ಪ್ರಕಟಿಸಲು ಯೋಗ್ಯವಲ್ಲ.

ತಪ್ಪು ಆದದ್ದು ಹೇಗೆ ಎಂದು ಹುಡುಕಲು ಅತ್ತಿಗೆಗೆ ಹತ್ತು ನಿಮಿಷ ಹಿಡಿಯುತ್ತದೆ. ನನಗೆ ಅರ್ಥವಾಗಲು ಒಂದು ಗಂಟೆ. ಡಬ್ಬಿ ಮಾಡುವವರು ಗೀಟು ಹಾಕುವುದು ರಟ್ಟಿನ ಒಳಮೈ ಮೇಲೆ. ಹೊರಗೆ ಕಾಣುವ ಮೈಗೆ ಪೆನ್ಸಿಲ್ ತಾಗಿದರೆ ಮಾಲು ವಾಪಸ್. ಆದರೆ ಒಳಮೈ ಮೇಲೆ ಎಡಕ್ಕೆ ಎಳೆದದ್ದು ರಟ್ಟನ್ನು ಮಗುಚಿದಾಗ ಬಲಕ್ಕೆ ಹೋಗುತ್ತದೆ. ಆದ್ದರಿಂದ ಇವರು ಯಾವ ನಕ್ಷೆ ಬಂದರೂ ಮೊದಲು ಅದನ್ನು ಮಗುಚಿಕೊಂಡು, ಆಮೇಲೆ ಗೀಟು ಹಾಕುತ್ತಾರೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ತಾನಾಗಿಯೇ ಮಾಡುತ್ತದೆ. ವಿಮಾನದ ನೆಲದ ನಕ್ಷೆ ಬರೆದುಕೊಟ್ಟವರು ತರಬೇತುದಾರರು. ಹದಿನಾಲ್ಕು ತಿಂಗಳ ಹಿಂದೆ ಅತ್ತಿಗೆಯೇ ಅವರಿಗೆ, ಆಗೋದಾದರೆ ಮಗುಚಿಯೇ ಬರೆದುಕೊಡಿ, ನನಗೊಂದು ಕೆಲಸ ಉಳಿಯುತ್ತೆ ಎಂದಿದ್ದರು. ಅವರು ಪಾಪ ಹಾಗೆಯೇ ಮಾಡಿದರು. ಅವರು ತಂದುಕೊಡುವ ಹೊತ್ತಿಗೆ ತಾವು ಹೇಳಿದ್ದು ಇವರಿಗೇ ಮರೆತುಹೋಗಿತ್ತು. ಅಭ್ಯಾಸಬಲದಿಂದ ಇವರೂ ಒಮ್ಮೆ ಮಗುಚಿದರು. ಎರಡು ಸಲ ಮಗುಚಿದ್ದರಿಂದ ಎಡದ್ದು ಬಲಕ್ಕೆ ಬಂತು.

ನಕ್ಷೆ ಇನ್ನೂ ಗೋಡೆಯ ಮೇಲಿದೆ. ನಾಲ್ಕು ಮೂಲೆಗೂ ಕಂದು ಟೇಪು. ಅತ್ತಿಗೆ ಒಂದೊಂದೇ ಟೇಪು ಕೀಳುತ್ತಾರೆ. ಮೂರನೆಯದರ ಅಡಿಯಲ್ಲಿ ತರಬೇತುದಾರರ ದುಂಡು ಅಕ್ಷರದಲ್ಲಿ ಒಂದೇ ಪದ: "ಒಳಮೈ."

"ಬರೆದಿದ್ದಾರೆ" ಎನ್ನುತ್ತಾರೆ ಅತ್ತಿಗೆ. "ಬರೆದಿದ್ದಾರೆ ಕಣೇ. ಅದರ ಮೇಲೇ ಟೇಪು ಹಚ್ಚಿದೀನಿ ನಾನು." ಕುರ್ಚಿಯ ಮೇಲೆ ಕುಸಿದು ಕೂರುತ್ತಾರೆ. ಆಮೇಲೆ ಎದ್ದು, ಏನೂ ಆಗದವರಂತೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಡಬ್ಬಿ ಅಂಗಡಿಗೆ ಹೊರಟುಬಿಡುತ್ತಾರೆ. ಆ ದಿನ ಇನ್ನೂರ ಎಂಬತ್ತೇ ಡಬ್ಬಿ ಆದವಂತೆ. ಅದರಲ್ಲಿ ಒಂಬತ್ತನ್ನು ಒಳಗು ಹೊರಗು ಮಾಡಿ ಅಂಟಿಸಿದರಂತೆ.

ಸಂಜೆ ನಾನು ಮತ್ತೆ ಹೋಗುತ್ತೇನೆ. ಹೋಗದೆ ಏನು ಮಾಡಲಿ? "ಮುಗಿದ ವಿಮಾನ" ಎಂದು ಶೀರ್ಷಿಕೆ ಕೊಟ್ಟು ಕೂತಿದ್ದೇನೆ. ತರಬೇತುದಾರರು ಬಂದಿದ್ದಾರೆ, ಮೂವತ್ತು ದಾಟಿರದ ವಯಸ್ಸು, ಕೂರುವಾಗ ಒಂದು ಕಾಲನ್ನು ಕೈಯಲ್ಲಿ ಎತ್ತಿಟ್ಟುಕೊಳ್ಳಬೇಕು. ಯಜಮಾನರು ಆಗಲೇ ಎರಡು ಉಪಾಯ ಹೇಳಿ ಬೈಸಿಕೊಂಡಿದ್ದಾರೆ. ಒಂದು, ವಿಮಾನವನ್ನೇ ಹಿಂದುಮುಂದಾಗಿ ತಿರುಗಿಸಿ ಇಡುವುದು. "ಹೇಗೆ ತಿರುಗಿಸಿದ್ರೂ ಕಿಚನ್ ಮೆಟ್ಟಿಲ ಪಕ್ಕಾನೇ ಇರುತ್ತಲ್ಲ ಅಣ್ಣ, ನೀನು ಬಸ್ಸಿಗೇ ಲಾಯಕ್ಕು" ಎಂದು ತಂಗಿ ಅಂದಳು. ಎರಡನೆಯದು, ಮೇಲೊಂದು ಚೀಟಿ ಅಂಟಿಸುವುದು: ಎಡಬಲ ಅದಲುಬದಲಾಗಿದೆ, ಗಮನಿಸಿ.

"ಕಣ್ಣು ಕಟ್ಟಿದವನು ಚೀಟಿ ಓದ್ತಾನೇನ್ರೀ?" ಎಂದು ಅತ್ತಿಗೆ ಗದರಿದರು.

ತರಬೇತುದಾರರಿಗೆ ಸಂಕೋಚ. ಹದಿನಾಲ್ಕು ತಿಂಗಳ ಕೆಲಸವನ್ನು ಒಡೆಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಮೂಗು ತೆಗೆಯದೆ ಮುಂಭಾಗದ ನೆಲ ಕೈಗೆ ಸಿಗುವುದಿಲ್ಲ ಎಂಬುದೂ ಅವರಿಗೆ ಗೊತ್ತು. "ಪರವಾಗಿಲ್ಲ ಬಿಡಿ ಅತ್ತಿಗೆ. ಬಾಕಿ ಎಲ್ಲ ಸರಿಯಾಗೇ ಇದೆಯಲ್ಲ. ಇದೊಂದನ್ನ ನಾನು ಹುಡುಗರಿಗೆ ಬಾಯಲ್ಲಿ ಹೇಳಿಬಿಡ್ತೀನಿ."

ಅತ್ತಿಗೆ ಅವರ ಮುಖವನ್ನೇ ನೋಡುತ್ತಾರೆ. "ಅವತ್ತು ನಿಮಗೂ ಬಾಯಲ್ಲೇ ಹೇಳಿದ್ರಲ್ವಾ?"

ಅತ್ತಿಗೆ ಬ್ಲೇಡು ತೆಗೆದುಕೊಂಡು, ಮುಂದಿನ ಬಾಗಿಲಿನ ಪಕ್ಕದಲ್ಲಿ ಬೆರಳಿನಿಂದ ಸಂದು ಹುಡುಕಿ, ವಿಮಾನದ ಮೂಗನ್ನು ಸುತ್ತಲೂ ಕೊಯ್ಯುತ್ತಾರೆ. ಸೌತೆಕಾಯಿಯ ತೊಟ್ಟು ತೆಗೆದಷ್ಟು ಸಲೀಸಾಗಿ. ನಾಲ್ಕನೆಯ ಮೂಗನ್ನು ಅವರು ಯಜಮಾನರ ಕೈಗೆ ಕೊಡುತ್ತಾರೆ. "ತಗೊಳ್ಳಿ, ಮೊಳೆ ಹಾಕ್ಕೊಳ್ಳಿ." ಯಜಮಾನರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಾರೆ. ಅದರಲ್ಲಿ ಅವರು ಮೊಳೆ ಹಾಕುವುದಿಲ್ಲ.

ಬುಧವಾರ, ಗುರುವಾರ ಅತ್ತಿಗೆಗೆ ರಜೆ. ಮಾಲೀಕರಿಂದ ಫೋನಿನ ಮೇಲೆ ಫೋನು. "ನಿಮ್ಮ ಯಂತ್ರ ನಾನು ಇಲ್ಲವೇ ಇಲ್ಲ ಅಂತ ದಿನಾ ಹೇಳುತ್ತಲ್ಲ, ಎರಡು ದಿನ ಅದರ ಮಾತೇ ನಿಜ ಅಂದ್ಕೊಳ್ಳಿ" ಎಂದು ಹೇಳಿ ಇಟ್ಟರಂತೆ. ಗುರುವಾರ ಸಂಪಾದಕರೂ ನನಗೆ ಫೋನು ಮಾಡುತ್ತಾರೆ. ಪುಟ ಎಲ್ಲಿ? ಮೂಗು ಬಂದಿಲ್ಲ ಸಾರ್ ಎನ್ನುತ್ತೇನೆ. ಅವರಿಗೆ ನನ್ನ ಆರೋಗ್ಯದ ಚಿಂತೆ ಹತ್ತುತ್ತದೆ.

ಶುಕ್ರವಾರ ಬೆಳಗಿನ ಜಾವ ಹೋಗಿ ನೋಡಿದರೆ ಮನೆ ರಣರಂಗ. ಐದನೆಯ ಮೂಗಿನ ಎಸಳುಗಳು ಮೇಜಿನ ತುಂಬ ಹರಡಿವೆ. ಕೆಲಸದಿಂದ ಬಂದ ನಾದಿನಿ ಮಲಗಲು ಹೋಗದೆ, ಹದಿನಾಲ್ಕು ತಿಂಗಳು ನೋಡದೆ ಇದ್ದದ್ದನ್ನೆಲ್ಲ ಒಟ್ಟಿಗೆ ನೋಡುವವಳಂತೆ ಮೇಜಿಗೆ ಅಂಟಿ ಕೂತಿದ್ದಾಳೆ.

"ಟಾಯ್ಲೆಟ್ ಬಾಗಿಲು ಇನ್ನೊಂದು ಚೂರು ಹಿಂದೆ."

"ಎಷ್ಟು ಚೂರು? ಅಳತೆ ಹೇಳು."

"ನಾನು ಬಕೆಟ್ ಹಿಡ್ಕೊಂಡು ಒಳಗೆ ಹೋದ್ರೆ ಮೊಣಕೈ ತಾಗುತ್ತೆ. ಅಷ್ಟು."

"ನಿನ್ನ ಮೊಣಕೈನ ಇಪ್ಪತ್ತೈದರಿಂದ ಭಾಗಿಸೋಕೆ ನನ್ನಿಂದಾಗಲ್ಲ!"

"ಹಾಗಾದ್ರೆ ಇದು ನಾನು ತೊಳೆಯೋ ವಿಮಾನ ಅಲ್ಲ."

"ಹದಿನಾಲ್ಕು ತಿಂಗಳು ಗೋಡೆ ನೋಡ್ಕೊಂಡು ಓಡಾಡಿದ್ಯಲ್ಲ, ಆಗ ಎಲ್ಲಿ ಹೋಗಿತ್ತು ಈ ಬಾಯಿ?"

ನಾದಿನಿ ಅತ್ತಿಗೆಯ ಕೈಯಿಂದ ಚಿಮಟ ತೆಗೆದುಕೊಂಡು, ಚುಕ್ಕಿಗಳನ್ನು ಮೂರು ಮೂರಾಗಿ ಜೋಡಿಸತೊಡಗುತ್ತಾಳೆ. ಅತ್ತಿಗೆಯ ಕೈಯನ್ನು ನಾನು ಆಗ ಗಮನಿಸುತ್ತೇನೆ. ಎಡ ಮುಂಗೈ ಮೇಲೆ ಪೆನ್ನಿನಲ್ಲಿ "ಎಡ" ಎಂದು ಬರೆದುಕೊಂಡಿದ್ದಾರೆ. ಬಲ ಮುಂಗೈ ಮೇಲೆ "ಬಲ". ಐವತ್ತಮೂರರ ಹೆಂಗಸು. ನಗು ಬರುತ್ತದೆ, ಆದರೆ ಆ ಮನೆಯಲ್ಲಿ ಆ ಹೊತ್ತಿಗೆ ನಗುವಷ್ಟು ಧೈರ್ಯ ನನಗಿಲ್ಲ.

ಮೂಗು ಕೂಡುವುದೇ ಇಲ್ಲ. ಇಪ್ಪತ್ತಮೂರು ಎಸಳು ಸೇರಿ, ಇಪ್ಪತ್ತನಾಲ್ಕನೆಯದು ಬಂದಾಗ ಉಗುರು ತೂರುವಷ್ಟು ಸಂದು ಉಳಿಯುತ್ತದೆ. ಬಿಚ್ಚುತ್ತಾರೆ, ತೀಡುತ್ತಾರೆ, ಕೂಡಿಸುತ್ತಾರೆ. ಮತ್ತೆ ಸಂದು. ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಲ್ಲಿ ಮಡಿಕೆ ತೀಡುವುದು ಅವರ ಪದ್ಧತಿ. ಆ ಹಿಡಿಯನ್ನು ಕಿಟಕಿಯಾಚೆ ಬಿಸಾಡುತ್ತಾರೆ. ಎರಡು ನಿಮಿಷದ ಮೇಲೆ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ ಅದನ್ನು ಹುಡುಕಿ ತಂದು, ತೊಳೆದು, ಒರೆಸಿ ಮೇಜಿನ ಮೇಲೆ ಇಡುತ್ತಾರೆ. ಏಳು ಗಂಟೆಗೆ ನಾನು ಹೊರಡುವಾಗಲೂ ಸಂದು ಹಾಗೆಯೇ ಇದೆ.

ಶನಿವಾರ ಹತ್ತು ಗಂಟೆ, ಅಗ್ನಿಶಾಮಕ ಠಾಣೆ. ಉದ್ದದ ಮೇಜಿನ ಮೇಲೆ ವಿಮಾನ. ಮೂಗು ಇದೆ. ಹತ್ತಿರ ಹೋಗಿ ನೋಡಿದರೆ ತುಸು ಸೊಟ್ಟವೇ; ಒಂದು ಕಡೆಯಿಂದ ನೋಡಿದರೆ ನೆಗಡಿಯಾದಂತೆ ಕಾಣುತ್ತದೆ. "ಮೂಗು ಸೊಟ್ಟ ಇದ್ರೆ ಯಾರೂ ಬೀಳಲ್ಲ" ಎನ್ನುತ್ತಾರೆ ಅತ್ತಿಗೆ, ನಾನು ಏನೂ ಕೇಳದಿದ್ದರೂ.

ಹದಿನಾಲ್ಕು ಜನ ಹೊಸಬರು ಸುತ್ತಲೂ ನಿಂತಿದ್ದಾರೆ. ತರಬೇತುದಾರರು ಕಣ್ಣಿಗೆ ಪಟ್ಟಿ ಕಟ್ಟಲು ಮೊದಲನೆಯವನನ್ನು ಕರೆಯುವಷ್ಟರಲ್ಲಿ ಹಿಂದಿನಿಂದ ನಾದಿನಿ ಬರುತ್ತಾಳೆ. ಪಾಳಿ ಮುಗಿಸಿ ನೇರವಾಗಿ ಬಂದವಳು, ಮನೆಗೂ ಹೋಗಿಲ್ಲ. "ಮೊದಲು ನನಗೆ ಕಟ್ಟಿ. ಇವರ ಮೇಲೆ ನನಗೆ ನಂಬಿಕೆ ಇಲ್ಲ" ಎಂದು ಅತ್ತಿಗೆಯ ಕಡೆ ಬೆರಳು ತೋರಿಸುತ್ತಾಳೆ.

ಅವಳ ಎರಡು ಬೆರಳು ಮೂವತ್ತನೆಯ ಸಾಲಿನಿಂದ ಹೊರಡುತ್ತವೆ. ಸೀಟಿನ ಬೆನ್ನು ಮುಟ್ಟಿ ಮುಟ್ಟಿ ಮುಂದೆ ಬರುತ್ತವೆ. ಆತುರವಿಲ್ಲ. ಹನ್ನೊಂದನೆಯ ಸಾಲಿನ ಹತ್ತಿರ ಅವಳ ಉಸಿರು ಬದಲಾಗುತ್ತದೆ. ಕೋಣೆಯಲ್ಲಿ ಎಲ್ಲರಿಗೂ ಕೇಳುತ್ತದೆ. ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾರೆ. ಬೆರಳು ಸೀಟುಗಳನ್ನು ದಾಟಿ ಬಲಕ್ಕೆ ಚಾಚುತ್ತದೆ. ಚಿಲಕ ಸಿಗುತ್ತದೆ. ಒಂದು, ಎರಡು, ಮೂರು ಚಿಲಕ ಸವರಿ, ಬೆರಳು ಬೆನ್ನು ತಿರುಗಿಸುತ್ತದೆ. ಎದುರಿನ ಬಾಗಿಲನ್ನು ತಳ್ಳುತ್ತದೆ. ಹೊರಗೆ ಮೆಟ್ಟಿಲು. ರಟ್ಟಿನ ಹದಿನೆಂಟು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬೆರಳು ಮೇಜಿನ ಮೇಲೆ ನಿಲ್ಲುತ್ತದೆ.

ಪಟ್ಟಿ ಬಿಚ್ಚಿಕೊಂಡು ಅವಳು ಮೂಗು ಒರೆಸಿಕೊಳ್ಳುತ್ತಾಳೆ. "ಹೂಂ. ಇದು ವಿಮಾನ."

ಅಷ್ಟೇ. ಅತ್ತಿಗೆ ಬೇರೆ ಕಡೆ ನೋಡುತ್ತಾ, "ಟಾಯ್ಲೆಟ್ ಬಾಗಿಲು?" ಎಂದು ಕೇಳುತ್ತಾರೆ.

"ಮೊಣಕೈ ತಾಗ್ತು" ಎನ್ನುತ್ತಾಳೆ ನಾದಿನಿ.

ಆಮೇಲಿನ ಎರಡು ಗಂಟೆ ಹೊಸಬರ ದಾಂಧಲೆ. ಒಬ್ಬ ಸೀಟುಗಳನ್ನು ಚಪ್ಪಟೆ ಮಾಡುತ್ತಾನೆ, ಇನ್ನೊಬ್ಬ ರೆಕ್ಕೆಯ ಮೇಲಿನ ಬಾಗಿಲನ್ನು ಕಿತ್ತೇ ಬಿಡುತ್ತಾನೆ. ಐವರು ಕಿಚನ್ ಪಕ್ಕದ ಬಾಗಿಲು ತೆರೆದು ಬರಿಗಾಳಿಗೆ ಕಾಲಿಡುತ್ತಾರೆ. ಬೆರಳು ಮೇಜಿಗೆ ದೊಪ್ಪನೆ ಬೀಳುತ್ತದೆ. ಪ್ರತಿ ಸಲವೂ ತರಬೇತುದಾರರು ತಮ್ಮ ಸೊಂಟ ತಟ್ಟಿ ತೋರಿಸಿ, "ಮತ್ತೆ ಹಿಂದಿನ ಸಾಲಿಂದ" ಎನ್ನುತ್ತಾರೆ. ಎರಡನೆಯ ಸುತ್ತಿನಲ್ಲಿ ಬೀಳುವವರು ಇಬ್ಬರು. ಮೂರನೆಯದರಲ್ಲಿ ಯಾರೂ ಇಲ್ಲ. "ಮೆಲ್ಲಗೆ, ಮಹರಾಯಾ, ಮೆಲ್ಲಗೆ! ಕಾಗದ ಅದು" ಎಂದು ಅತ್ತಿಗೆ ಗೊಣಗುತ್ತಲೇ ಇದ್ದಾರೆ. ಆದರೂ ಚೀಲದಿಂದ ಬೂಟಿನ ಡಬ್ಬಿಯೊಂದನ್ನು ತೆಗೆಯುತ್ತಾರೆ. ಅದರಲ್ಲಿ ನಲವತ್ತು ಸೀಟು, ಆರು ಬಾಗಿಲು, ಒಂದು ಹಿಡಿ ಚುಕ್ಕಿ. ಮುರಿಯುತ್ತೆ ಅಂತ ಗೊತ್ತಿತ್ತಂತೆ.

ಪಾಠ ಮುಗಿದ ಮೇಲೆ ಪಡಸಾಲೆಯ ಬೆಂಚಿನ ಮೇಲೆ ಅತ್ತಿಗೆ ಸಿಗುತ್ತಾರೆ. ಕೈ ತೊಳೆದಿದ್ದಾರೆ, ಆದರೂ ಎಡಗೈ ಮೇಲೆ "ಎಡ" ಇನ್ನೂ ತೆಳ್ಳಗೆ ಉಳಿದಿದೆ. ಪಕ್ಕದಲ್ಲಿ ನಾದಿನಿ ಕೂತಲ್ಲೇ ನಿದ್ದೆ ಹೋಗಿ, ತಲೆಯನ್ನು ಅತ್ತಿಗೆಯ ಹೆಗಲ ಮೇಲೆ ಹಾಕಿದ್ದಾಳೆ. ಕೊನೆಯಲ್ಲಿ ಒಂದು ಆಸೆ ಕೇಳಿಕೊಂಡು ಬಾ ಎಂಬುದು ಸಂಪಾದಕರ ಕಟ್ಟಪ್ಪಣೆ. ಕೇಳಿದರೆ ಮತ್ತೆ ಮೂಗು ಎನ್ನುತ್ತಾರೋ ಎಂಬ ಅಳುಕಿನಲ್ಲೇ ಕೇಳುತ್ತೇನೆ: ನಿಮ್ಮ ಆಸೆ ಏನು ಅತ್ತಿಗೆ?

"ಆ ಹುಡುಗರು ಚೆನ್ನಾಗಿ ಕಲೀಲಿ" ಎನ್ನುತ್ತಾರೆ. ಸ್ವಲ್ಪ ಯೋಚಿಸಿ, "ಕಲಿತದ್ದು ಯಾವತ್ತೂ ಉಪಯೋಗಕ್ಕೆ ಬರದೇ ಇರ್ಲಿ. ಇನ್ನೇನು ಆಸೆ?"

ಇನ್ನೊಂದು ಪ್ರಶ್ನೆ ಇದೆ ಎಂದು ನಾನು ಬಾಯಿ ತೆರೆಯುತ್ತೇನೆ. ಅವರು "ಎಡ" ಎಂದು ಬರೆದ ಕೈಯನ್ನು ತುಟಿಯ ಮೇಲೆ ತಂದು ಸುಮ್ಮನಿರಿ ಎನ್ನುತ್ತಾರೆ.

"ಮೆತ್ತಗೆ ಮಾತಾಡಿ, ಪೇಪರಿನವರೇ. ಇವತ್ತೂ ಅವಳಿಗೆ ಆರು ವಿಮಾನ ಇದೆ."